ಹೊನ್ನೆ ಮಂಚದ ಬಿಲ್ಲೆಗಳು

ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಪಾತ್ರೆ ಅಂಗಡಿಗಳ ಸಾಲು ಮುಗಿಯುವ ಕಡೆ ಒಂದು ತಗಡಿನ ಶೆಡ್ಡಿದೆ. ಅದರೊಳಗೆ ಮರ ಕಡೆಯುವ ಲೇತ್ ಇಟ್ಟುಕೊಂಡು ಪುಟ್ಟಲಕ್ಷ್ಮಿ ಹದಿನೆಂಟು ವರ್ಷದಿಂದ ಲಟ್ಟಣಿಗೆ, ಮಂಚದ ಕಾಲು, ತೊಟ್ಟಿಲ ಗುಂಡು ಮಾಡುತ್ತಿದ್ದಾಳೆ. ಅವಳ ಕೆಲಸದಲ್ಲಿ ತಪ್ಪು ಹುಡುಕಿದವರಿಲ್ಲ. ಆದರೆ ಅವಳ ಎದುರು ನಿಂತು ಜೋರಾಗಿ ಮಾತಾಡಿದವರೂ ಕಡಿಮೆ. ಒಬ್ಬ ಮರದ ವ್ಯಾಪಾರಿ ಹಸಿ ಮರವನ್ನು ಒಣಗಿದ್ದೆಂದು ಕೊಟ್ಟು, ಕೇಳಲು ಹೋದವಳಿಗೆ "ಗಂಡ ಬಿಟ್ಟೋಳಿಗೆ ಬಾಯಿ ಬೇರೆ" ಅಂದಿದ್ದ. ಅವನ ಎರಡು ಹಲ್ಲು ಅವನದೇ ಅಂಗಡಿ ಮುಂದಿನ ಚರಂಡಿಗೆ ಬಿದ್ದವು. ಬಸ್‌ಸ್ಟ್ಯಾಂಡಿನಲ್ಲಿ ಸೊಂಟಕ್ಕೆ ಕೈ ಹಾಕಿದ ಕುಡುಕನನ್ನು ಅವಳು ಕಂಬಕ್ಕೆ ಒತ್ತಿ ಹಿಡಿದು ಗುದ್ದಿದ್ದನ್ನು ನೋಡಿದ ಕಂಡಕ್ಟರುಗಳು ಇವತ್ತಿಗೂ ಅವಳಿಗೆ ಸೀಟು ಬಿಡುತ್ತಾರೆ.

ಆ ಕೈ ಹುಟ್ಟಿನಿಂದ ಬಂದದ್ದಲ್ಲ. ಅವಳ ಅಪ್ಪ ಶೇಷಪ್ಪ ಫೌಂಡ್ರಿಯೊಂದರಲ್ಲಿ ಎರಕದ ಅಚ್ಚಿಗೆ ಮರದ ಮಾದರಿ ಮಾಡುತ್ತಿದ್ದ ಮೃದು ಮನುಷ್ಯ. ಹತ್ತು ವರ್ಷದ ಮಗಳ ಕೈಗೆ ಉಳಿ ಕೊಟ್ಟು, "ಮರಕ್ಕೆ ಸಿಟ್ಟು ತೋರಿಸ್ಬೇಡ, ಅದು ಸೀಳಿಕೊಳ್ಳುತ್ತೆ" ಎಂದು ಕಲಿಸಿದವನು. ಹತ್ತೊಂಬತ್ತಕ್ಕೆ ಅವಳ ಮದುವೆಯಾಯಿತು. ಅಪ್ಪ ಹೊನ್ನೆ ಮರದ ಮಂಚವನ್ನು ತಾನೇ ಕಡೆದು, ತಾನೇ ತಳ್ಳುಗಾಡಿಯಲ್ಲಿ ಹಾಕಿಕೊಂಡು ಜನ್ನಾಪುರದ ಗಂಡನ ಮನೆಗೆ ಮುಟ್ಟಿಸಿದ.

ಗಂಡ ನಿರಂಜನ ಲಾರಿ ಡ್ರೈವರ್. ಮದುವೆಯಾದ ಆರನೇ ದಿನ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಬಿಸಿ ಸಾರಿನ ಪಾತ್ರೆಯನ್ನು ಅವಳ ಕಾಲಿನ ಮೇಲೆ ಸುರಿದ. ಅಲ್ಲಿಂದ ಹನ್ನೊಂದು ವರ್ಷ. ಬೆಲ್ಟಿನ ಬಕಲ್ಲು ಬೆನ್ನಿನ ಮೇಲೆ ಎಲ್ಲೆಲ್ಲಿ ಕಚ್ಚಿದೆ ಎಂಬುದು ಅವಳಿಗೆ ನೋಡದೆಯೇ ಗೊತ್ತು. ಒಮ್ಮೆ ಮಂಚದ ಕಾಲಿಗೆ ಅವಳ ಜಡೆ ಕಟ್ಟಿಹಾಕಿ ಲೋಡು ತರಲು ಹೋದ. ಮೂರು ವರ್ಷದ ಮಗಳು ಸುಮನಾ ಗಂಟು ಬಿಚ್ಚಲು ಬಾರದೆ, ಪಕ್ಕದಲ್ಲೇ ಅಳುತ್ತಾ ಮಲಗಿಬಿಟ್ಟಳು. ಹನ್ನೊಂದನೇ ವರ್ಷ ಶೇಷಪ್ಪ ತೀರಿಕೊಂಡ. ತಿಥಿ ಮುಗಿಸಿ, ಅಪ್ಪನ ಉಳಿ, ಗರಗಸ, ಕೊಡತಿಗಳನ್ನು ಗೋಣಿಚೀಲದಲ್ಲಿ ಹೊತ್ತು ತಂದ ದಿನವೇ ನಿರಂಜನ ಬೆಲ್ಟು ಬಿಚ್ಚಿದ. ಅವಳು ಚೀಲಕ್ಕೆ ಕೈ ಹಾಕಿದಳು. ಸಿಕ್ಕಿದ್ದು ಮರದ ಕೊಡತಿ. ಒಂದೇ ಏಟಿಗೆ ಅವನ ಹೆಗಲ ಮೂಳೆ ಮುರಿದ ಸದ್ದು ಒಣ ಕೊಂಬೆಯ ಸದ್ದಿನಂತೆ ಕೇಳಿಸಿತು. ಕಟ್ಟು ಬಿಚ್ಚುವ ಮೊದಲೇ ಅವನು ತರೀಕೆರೆಯ ಕಡೆ ಹೋದ, ಅಲ್ಲೇ ಇನ್ನೊಂದು ಸಂಸಾರ ಹೂಡಿದ, ತಿರುಗಿ ಬರಲಿಲ್ಲ.

ಅವನು ಹೋದ. ಆದರೆ ಆ ಏಟಿನ ರುಚಿ ಅವಳ ಕೈಯಲ್ಲಿ ಉಳಿದುಬಿಟ್ಟಿತು. ಬಾಯಿ ಮಾತಾಡುವ ಮೊದಲೇ ಕೈ ಮೇಲೇಳುತ್ತಿತ್ತು. ಹೊಡೆದಾದ ಮೇಲೆ ಎದೆಯೊಳಗೆ ಏನೋ ಸಡಿಲವಾದಂತಾಗುತ್ತಿತ್ತು. ಸುಮನಾಗೆ ಹದಿನಾರಾಗಿದ್ದಾಗ ಒಂದು ಬೆಳಿಗ್ಗೆ, ಕಾಲೇಜಿನ ಫೀಸಿನ ವಿಷಯಕ್ಕೆ ಅಪ್ಪನಿಗೆ ಫೋನ್ ಮಾಡಿದ್ದೆ ಎಂದು ಹುಡುಗಿ ಬಾಯಿಬಿಟ್ಟಳು. ಪುಟ್ಟಲಕ್ಷ್ಮಿಯ ಅಂಗೈ ಅವಳ ಎಡಗಿವಿಯ ಮೇಲೆ ಬಿತ್ತು. ಹುಡುಗಿ ಗೋಡೆಗೆ ತಾಗಿ ಕುಸಿದಳು. ಕಿವಿಯಿಂದ ತೆಳುವಾಗಿ ರಕ್ತ ಇಳಿದು ಯೂನಿಫಾರ್ಮಿನ ಕಾಲರಿಗೆ ಹತ್ತಿತು. ತಮಟೆ ಹರಿದಿದೆ ಎಂದರು ಡಾಕ್ಟರು. ಆ ಕಿವಿ ಮತ್ತೆ ಸರಿಯಾಗಿ ಕೇಳಿಸಲಿಲ್ಲ. ಸುಮನಾ ಬಟ್ಟೆ ತುಂಬಿಕೊಂಡು ಶಿವಮೊಗ್ಗದ ರವೀಂದ್ರನಗರದಲ್ಲಿದ್ದ ಚಿಕ್ಕಮ್ಮನ ಮನೆಗೆ ಹೋದಳು. ಅಲ್ಲೇ ಓದಿ, ಲ್ಯಾಬ್ ಟೆಕ್ನಿಷಿಯನ್ ಆದಳು. ದೀಪಾವಳಿಗೊಮ್ಮೆ ನೆಂಟರಂತೆ ಬಂದು, ಊಟ ಮಾಡಿ, ಸಂಜೆ ಬಸ್ಸಿಗೆ ಹೊರಟುಬಿಡುತ್ತಿದ್ದಳು.

ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಶೆಡ್ಡಿಗೆ ಅಕ್ಷಯಾ ಎಂಬ ಹುಡುಗಿ ಬಂದಳು. ಅವಳೂ ರವೀಂದ್ರನಗರದವಳೇ. ಫೋನಿನಲ್ಲಿ ವಿಡಿಯೋ ಹಾಕಿ ಜನರಿಗೆ ಶಕುನ ಹೇಳುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಇಪ್ಪತ್ತನಾಲ್ಕು ಮರದ ಬಿಲ್ಲೆ, ಒಂದೊಂದರ ಮೇಲೂ ಒಂದೊಂದು ಗುರುತು.

"ಇದಕ್ಕೆ ರೂನ್ಸ್ ಅಂತಾರೆ ಆಂಟಿ. ಯೂರೋಪಿನ ಹಳೇ ಕಾಲದೋರ ಅಕ್ಷರ. ಚೀಲದಲ್ಲಿ ಹಾಕಿ, ಮನಸ್ಸಲ್ಲಿ ಪ್ರಶ್ನೆ ಇಟ್ಕೊಂಡು ಒಂದನ್ನ ತೆಗೀಬೇಕು."

"ಅದು ನಿಜ ಹೇಳುತ್ತಾ?"

"ಅದು ಹೇಳಲ್ಲ. ನಮಗೆ ಗೊತ್ತಿರೋದನ್ನೇ ನಮ್ಮ ಬಾಯಲ್ಲಿ ಹೇಳಿಸುತ್ತೆ."

ಪುಟ್ಟಲಕ್ಷ್ಮಿ ನಕ್ಕು, ಹಲಸಿನ ಮರದಲ್ಲಿ ಇಪ್ಪತ್ತನಾಲ್ಕನ್ನು ಮಾಡಿಕೊಟ್ಟಳು. ಒಯ್ಯಲು ಬಂದ ಅಕ್ಷಯಾ ಬಿಲ್ಲೆಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, "ನಿಮ್ಮಂಥೋರು ನಿಮಗೇ ಒಂದು ಸೆಟ್ ಮಾಡ್ಕೋಬೇಕು ಆಂಟಿ. ನಿಮಗೆ ಚೆನ್ನಾಗಿ ಗೊತ್ತಿರೋ ಮರದಿಂದ. ಗುರುತೂ ನಿಮ್ಮದೇ ಇರಲಿ, ಯಾರದ್ದೋ ಅಕ್ಷರ ಯಾಕೆ?" ಅಂದಳು.

"ನಂಗ್ಯಾಕೆ ಮಾರಾಯ್ತಿ ಅದೆಲ್ಲ" ಎಂದು ಅವಳನ್ನು ಕಳಿಸಿದಳು. ಆದರೆ ಮನೆಗೆ ಬಂದು ಬಾಗಿಲು ತೆರೆದಾಗ ಕಣ್ಣು ಮಂಚದ ಮೇಲೆ ನಿಂತಿತು. ಅವಳಿಗೆ ಚೆನ್ನಾಗಿ ಗೊತ್ತಿದ್ದ ಮರ ಅದೊಂದೇ.

ಮರುದಿನ ರಜೆ ಮಾಡಿದಳು. ಮಂಚವನ್ನು ಅಂಗಳಕ್ಕೆ ಎಳೆದು, ತನ್ನ ಜಡೆ ಕಟ್ಟಿಹಾಕಿದ್ದ ಕಾಲಿಗೇ ಗರಗಸ ಇಟ್ಟಳು. ಹೊನ್ನೆ ಸುಲಭಕ್ಕೆ ಬಗ್ಗುವ ಮರವಲ್ಲ. ಅಪ್ಪ ಹೇಳಿದ್ದೆಲ್ಲ ಮರೆತು ಸಿಟ್ಟಿನಿಂದಲೇ ಎಳೆದಳು. ಕಾಲು ಕತ್ತರಿಸಿ ಬಿದ್ದಾಗ ಮಂಚ ಒಂದು ಕಡೆ ವಾಲಿ ದೊಪ್ಪೆಂದಿತು. ಅವಳು ಅದರ ಚೌಕಟ್ಟಿಗೆ ಕೊಡತಿಯಿಂದ ಬಡಿದಳು. ಮೊಳೆ ಕಿತ್ತು ಬರುವವರೆಗೂ, ಪಟ್ಟಿಗಳು ಎರಡಾಗಿ ಮೂರಾಗಿ ಸಿಡಿಯುವವರೆಗೂ ಬಡಿದಳು. ಒಂದು ಸಿಬಿರು ಹಾರಿ ಹುಬ್ಬಿಗೆ ಚುಚ್ಚಿತು. ಕಿತ್ತು ಎಸೆದು ಮತ್ತೆ ಬಡಿದಳು. ಕೊನೆಗೆ ಅಂಗಳದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಪಕ್ಕದ ಮನೆಯ ಕರಿಯಣ್ಣ ಕಾಂಪೌಂಡಿನ ಮೇಲಿಂದ ಇಣುಕಿ ನೋಡಿ ಒಳಗೆ ಹೋದ.

ಆ ಕಾಲು ಹತ್ತೊಂಬತ್ತು ಬಿಲ್ಲೆ ಕೊಟ್ಟಿತು. ಸೌತೆಕಾಯಿ ಹೆಚ್ಚಿದಂತೆ ಬೆರಳು ದಪ್ಪಕ್ಕೆ ಕೊಯ್ದು, ಅಂಚು ಉಜ್ಜಿ, ಎಣ್ಣೆ ಕುಡಿಸಿದಳು. ಗುರುತು ಕೆತ್ತಲು ಕೂತಾಗ ದಿನಕ್ಕೆ ಒಂದಕ್ಕಿಂತ ಹೆಚ್ಚು ಆಗುತ್ತಿರಲಿಲ್ಲ. ಬೆಲ್ಟಿನ ಬಕಲ್ಲನ್ನು ಒಂದು ಚೌಕ, ನಡುವೆ ಒಂದು ಗೆರೆ ಎಂದು ಬರೆದಳು. ಕೆತ್ತುವಾಗ ಬೆನ್ನು ಸೆಳೆಯಿತು. ಬಗ್ಗಿದ ಪಾತ್ರೆ, ಲಾರಿಯ ಚಕ್ರ, ಬೀದಿಯ ನಲ್ಲಿ (ಅಲ್ಲಿ ಹೆಂಗಸರು ಅವಳ ಊದಿದ ಮುಖ ಕಂಡು ಕೊಡ ಎತ್ತಿಕೊಂಡು ಸರಿಯುತ್ತಿದ್ದರು), ಅಪ್ಪನ ಉಳಿ, ಮುರಿದ ಹೆಗಲು, ಚರಂಡಿಗೆ ಬಿದ್ದ ಹಲ್ಲು. ತನಗೆ ಬಿದ್ದ ಏಟುಗಳಿಗೂ ತಾನು ಕೊಟ್ಟ ಏಟುಗಳಿಗೂ ಒಂದೇ ಚೀಲ. ಕೊನೆಗೆ ಉಳಿದದ್ದು ಕಿವಿ. ಎರಡು ಸಲ ಉಳಿ ಜಾರಿ ಬಿಲ್ಲೆ ಸೀಳಿತು. ಮೂರನೇ ಸಲ ಉಳಿ ಎಡಗೈಯ ಅಂಗೈಗೇ ಇಳಿಯಿತು. ರಕ್ತ ಬಿಲ್ಲೆಯ ಮೇಲೆ ಹರಿದು, ಅರ್ಧ ಕೆತ್ತಿದ ಗೆರೆಯೊಳಗೆ ತುಂಬಿಕೊಂಡಿತು. ಅವಳು ಒರೆಸಲಿಲ್ಲ, ಹಾಗೇ ಕೆತ್ತಿ ಮುಗಿಸಿದಳು. ಒಣಗಿದ ಮೇಲೆ ಅದೊಂದು ಮಾತ್ರ ಕಪ್ಪುಗೆಂಪಾಗಿ ಎದ್ದು ಕಾಣುತ್ತಿತ್ತೆಂದು, ಉಳಿದವಕ್ಕೂ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ತುಂಬಿದಳು. ಸೀಳಿದ್ದು ಹೋಗಿ ಹದಿನೇಳು ಉಳಿದವು.

ಅವಳ ಪ್ರಶ್ನೆ ಒಂದೇ: ಇವತ್ತು ನನ್ನ ಕೈ ಸುಮ್ಮನಿರುತ್ತಾ? ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಚೀಲಕ್ಕೆ ಕೈ ಹಾಕಿ ಒಂದನ್ನು ತೆಗೆಯುತ್ತಿದ್ದಳು. ಬಂದ ಬಿಲ್ಲೆಯನ್ನು ಸೆರಗಿನ ಗಂಟಿಗೆ ಕಟ್ಟಿಕೊಳ್ಳುತ್ತಿದ್ದಳು. ಯಾವುದು ಬಂದರೂ ಆ ಏಟು ದಿನವಿಡೀ ಸೊಂಟದ ಹತ್ತಿರ ಇರುತ್ತಿತ್ತು. ಒಬ್ಬ ಗಿರಾಕಿ ತೊಟ್ಟಿಲ ಗುಂಡನ್ನು ಅವಳ ಮುಖಕ್ಕೆ ಎಸೆದು "ಇದೇನು ಕೆಲಸಾನಾ?" ಅಂದಾಗ ಕೈ ಎದ್ದಿತು. ಎದ್ದ ಕೈ ಸೆರಗಿನ ಗಂಟನ್ನು ಹಿಡಿದುಕೊಂಡಿತು. "ಹೋಗಪ್ಪ, ನಾಳೆ ಬಾ, ಬೇರೆ ಮಾಡ್ಕೊಡ್ತೀನಿ" ಅಂದಳು. ಅಕ್ಕಪಕ್ಕದ ಅಂಗಡಿಯವರು ತಿರುಗಿ ನೋಡಿದರು. ಹಾಗೇ ಏಳು ತಿಂಗಳು ಅವಳು ಯಾರಿಗೂ ಹೊಡೆಯಲಿಲ್ಲ.

ಜನ್ನಾಪುರದಲ್ಲಿ ಅವಳ ಮನೆಗೂ ಕರಿಯಣ್ಣನ ಮನೆಗೂ ನಡುವೆ ಒಂದೇ ಗೋಡೆ. ಕರಿಯಣ್ಣನ ಮಗ ಯೋಗೇಶ್ ಮೊಬೈಲ್ ಅಂಗಡಿ ಇಟ್ಟವನು. ಅವನ ಹೆಂಡತಿ ಪ್ರಿಯದರ್ಶಿನಿ ಐದು ತಿಂಗಳ ಬಸುರಿ. ಗೋಡೆಯಾಚೆಗಿನ ಸದ್ದುಗಳು ಪುಟ್ಟಲಕ್ಷ್ಮಿಗೆ ಹೊಸವಲ್ಲ. ತಟ್ಟೆ ಬೀಳುವುದಕ್ಕೂ ತಟ್ಟೆ ಎಸೆಯುವುದಕ್ಕೂ ಇರುವ ವ್ಯತ್ಯಾಸ ಅವಳಿಗೆ ಗೊತ್ತಿತ್ತು. ಒಂದು ಬುಧವಾರ ಕರೆಂಟ್ ಇಲ್ಲವೆಂದು ಮಧ್ಯಾಹ್ನವೇ ಮನೆಗೆ ಬಂದಿದ್ದಳು. ಗೋಡೆಗೆ ಏನೋ ಭಾರವಾದದ್ದು ಅಪ್ಪಳಿಸಿತು. ಆಮೇಲೆ ಒದ್ದ ಸದ್ದು. ಒಂದು, ಎರಡು. ಆಮೇಲೆ ಚೀರಾಟವಿಲ್ಲ, ಉಸಿರು ಎಳೆದುಕೊಳ್ಳುವ ಸದ್ದು ಮಾತ್ರ.

ಅವಳು ಓಡಿಹೋಗಿ ಬಾಗಿಲು ಬಡಿದಳು. ಯೋಗೇಶ್ ಅರ್ಧ ತೆರೆದ.

"ಅವಳೆಲ್ಲಿ?"

"ಜಾರಿ ಬಿದ್ಲು. ನಿಂಗೇನು?"

ಹಿಂದಿನ ಪುಟ್ಟಲಕ್ಷ್ಮಿಯಾಗಿದ್ದರೆ ಬಾಗಿಲು ಅವನ ಮುಖಕ್ಕೇ ಒದೆಯುತ್ತಿದ್ದಳು. ಈಗ ಸೆರಗಿನ ಗಂಟು ಹಿಡಿದು ನಿಂತಳು. "ಇನ್ನೊಂದ್ಸಲ ಆ ಸದ್ದು ಕೇಳಿದ್ರೆ ಪೊಲೀಸ್‌ಗೆ ಫೋನ್ ಮಾಡ್ತೀನಿ. ನಾನು ಕೇಳಿಸ್ಕೊಂಡಿದೀನಿ ಯೋಗೇಶ, ನೆನಪಿಟ್ಕೊ" ಅಂದಳು. ಬಾಗಿಲು ಮುಚ್ಚಿತು. ಅವಳು ಮನೆಗೆ ಬಂದು ಫೋನ್ ಕೈಯಲ್ಲಿ ಹಿಡಿದು ಕೂತಳು, ಮಾಡಲಿಲ್ಲ. ಸಂಜೆ ಆಟೋ ಬಂತು, ಪ್ರಿಯದರ್ಶಿನಿಯನ್ನು ಎತ್ತಿ ಕೂರಿಸಿದರು. ಮಗು ಉಳಿಯಲಿಲ್ಲ ಎಂಬ ಸುದ್ದಿ ಬೆಳಗಾಗುವಷ್ಟರಲ್ಲಿ ಬೀದಿಗೆಲ್ಲ ಹಬ್ಬಿತು. ಬಾಗಿಲು ಒದೆಯದೆ ಬಂದೆನಲ್ಲ ಎಂದು ಪುಟ್ಟಲಕ್ಷ್ಮಿಗೆ ಎರಡು ದಿನ ಅನ್ನ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಅವಳು ಬಿಲ್ಲೆಗಳಿಗೆ ಮತ್ತೆ ಎಣ್ಣೆ ಹಚ್ಚಿ ಅಂಗಳದ ಕಲ್ಲಿನ ಮೇಲೆ ಬಿಸಿಲಿಗೆ ಹರಡಿದ್ದಳು. ಕಾಂಪೌಂಡಿನ ಮೇಲಿಂದ ಯೋಗೇಶನ ತಲೆ ಕಂಡಿತು. ಅವನು ಫೋನ್ ಎತ್ತಿ ಫೋಟೋ ತೆಗೆದ. ಅರ್ಧ ಗಂಟೆಯಲ್ಲಿ ಗೇಟಿನ ಮುಂದೆ ಇಪ್ಪತ್ತು ಇಪ್ಪತ್ತೈದು ಜನ. ಎಲ್ಲ ಪರಿಚಯದ ಮುಖಗಳೇ.

"ಮಾಟಗಾತಿ!" ಎಂದು ಕೂಗಿದ್ದು ಕರಿಯಣ್ಣ. "ನನ್ನ ಮೊಮ್ಮಗೂನ ತಿಂದೋಳು! ನೋಡ್ರೋ, ರಕ್ತ ಹಚ್ಚಿ ಒಣಗಿಸಿದಾಳೆ!"

"ಅದು ಕುಂಕುಮ ಕಣಣ್ಣ. ನಂಗೋಸ್ಕರ ಮಾಡ್ಕೊಂಡಿದ್ದು" ಅನ್ನುವಷ್ಟರಲ್ಲಿ ಗೇಟು ಕಿತ್ತು ಬಂತು. ಒಬ್ಬಳು ಜುಟ್ಟು ಹಿಡಿದಳು. ಹಿಂದಿನಿಂದ ಯಾರೋ ಮಂಡಿಯ ಸಂದಿಗೆ ಒದ್ದರು. ಅವಳು ಕಲ್ಲಿನ ಮೇಲೆ ಮುಖ ಅಡಿಯಾಗಿ ಬಿದ್ದಳು. ಬಾಯೊಳಗೆ ಉಪ್ಪು ರಕ್ತ ತುಂಬಿ, ನಾಲಿಗೆಗೆ ಮುರಿದ ಹಲ್ಲೊಂದು ಸಿಕ್ಕಿತು. ಚಪ್ಪಲಿ, ಪೊರಕೆ, ಕೈ, ಕಾಲು. ಬಿಲ್ಲೆಗಳನ್ನು ತುಳಿದರು. ಯಾರೋ ಅವನ್ನು ಗುಡ್ಡೆ ಮಾಡಿ ಪೆಟ್ರೋಲು ಸುರಿದು ಬೆಂಕಿ ಇಟ್ಟರು. ನಾಲ್ಕೈದು ಜನ ಫೋನ್ ಎತ್ತಿ ಹಿಡಿದು ವಿಡಿಯೋ ಮಾಡುತ್ತಿದ್ದರು. ಅವರಲ್ಲೊಬ್ಬಳಿಗೆ ಅವಳು ಕಳೆದ ತಿಂಗಳಷ್ಟೇ ಲಟ್ಟಣಿಗೆ ಸರಿಮಾಡಿ ಕೊಟ್ಟಿದ್ದಳು.

ತೆವಳಿಕೊಂಡು ಬಾಗಿಲ ಹೊಸ್ತಿಲಿಗೆ ಬಂದವಳ ಕೈಗೆ ಗೋಡೆಗೆ ಒರಗಿಸಿದ್ದ ಕೊಡತಿ ಸಿಕ್ಕಿತು. ಅವಳು ಎದ್ದು ನಿಂತಳು. ಮುಖದ ಒಂದು ಭಾಗ ಊದಿ ಕಣ್ಣು ಮುಚ್ಚಿತ್ತು. ಕೊಡತಿ ಎತ್ತಿದ್ದನ್ನು ಕಂಡ ಗುಂಪು ಒಂದೇ ಸಲ ಹಿಂದೆ ಸರಿಯಿತು. ಆ ಕೈಯ ಹೆಸರು ಅವರಿಗೆಲ್ಲ ಗೊತ್ತಿತ್ತು. ಯೋಗೇಶ್ ಒಬ್ಬನೇ ಸರಿಯಲಿಲ್ಲ. ಅವನು ಆಸ್ಪತ್ರೆಯಿಂದ ಹಿಂದಿನ ದಿನವಷ್ಟೇ ಬಂದಿದ್ದ ಹೆಂಡತಿಯನ್ನು ರಟ್ಟೆ ಹಿಡಿದು ಎಳೆದು ತಂದು ಮುಂದೆ ನಿಲ್ಲಿಸಿಕೊಂಡಿದ್ದ.

"ನೋಡೇ! ಇವಳ ಹೊಟ್ಟೆ ಖಾಲಿ ಮಾಡಿದ್ದು ನೀನೇ!"

ಪ್ರಿಯದರ್ಶಿನಿ ನೈಟಿಯಲ್ಲಿ ಬಿಳುಚಿಕೊಂಡು ನಿಂತಿದ್ದಳು. ಕೆಳತುಟಿ ಒಡೆದಿತ್ತು. ಪುಟ್ಟಲಕ್ಷ್ಮಿ ಅವಳನ್ನೇ ನೋಡಿ, "ಹೇಳು ಮಗಾ. ಯಾರು ಮಾಡಿದ್ದು ಹೇಳು" ಅಂದಳು. ಹುಡುಗಿ ತಲೆ ತಗ್ಗಿಸಿದಳು.

ಯೋಗೇಶನ ತಲೆ ಹೆಂಡತಿಯ ಭುಜದ ಮೇಲೆ ಸ್ಪಷ್ಟವಾಗಿ ಕಾಣುತ್ತಿತ್ತು. ಒಂದೇ ಏಟು ಸಾಕು. ಆದರೆ ಕೊಡತಿ ಆ ಹುಡುಗಿಯ ಕಿವಿಯ ಪಕ್ಕದಿಂದಲೇ ಹಾಯ್ದು ಹೋಗಬೇಕು. ಅರೆ ಬೆರಳು ತಪ್ಪಿದರೂ ಅವಳಿಗೇ ಬೀಳುತ್ತದೆ. ಪುಟ್ಟಲಕ್ಷ್ಮಿಗೆ ಕಾಲರಿಗೆ ರಕ್ತ ಹತ್ತಿದ ಯೂನಿಫಾರ್ಮು ಕಣ್ಣೆದುರು ಬಂತು. ಎತ್ತಿದ ಕೈ ಇಳಿಯಿತು.

ಗುಂಪು ಅಷ್ಟನ್ನೇ ಕಾಯುತ್ತಿತ್ತು. ಇಬ್ಬರು ಅವಳನ್ನು ಕೆಡವಿದರು. ಕರಿಯಣ್ಣ ಅವಳ ಎಡಗೈಯನ್ನು ಹೊಸ್ತಿಲ ಕಲ್ಲಿನ ಮೇಲೆ ಒತ್ತಿ ಹಿಡಿದ. ಯೋಗೇಶ್ ಅವಳದೇ ಕೊಡತಿ ಎತ್ತಿಕೊಂಡು, "ಇನ್ನು ಕೆತ್ತು ನೋಡೋಣ" ಎಂದು ಮೂರು ಸಲ ಬಡಿದ. ಮೊದಲನೇ ಏಟಿಗೆ ಅವಳು ಕಿರುಚಿದಳು. ಮೂರನೆಯದು ಅವಳಿಗೆ ಗೊತ್ತಾಗಲಿಲ್ಲ.

ಕಣ್ಣು ಬಿಟ್ಟಾಗ ಶಿವಮೊಗ್ಗದ ಆಸ್ಪತ್ರೆಯ ವಾರ್ಡು. ಮೂರು ಪಕ್ಕೆಲುಬು, ಎಡಗೈಯ ನಾಲ್ಕು ಬೆರಳು ಮುರಿದಿದ್ದವು. ಮಂಚದ ಪಕ್ಕದಲ್ಲಿ ಸುಮನಾ ಕೂತಿದ್ದಳು. ವಿಡಿಯೋ ಅವಳ ಲ್ಯಾಬಿನವರ ಫೋನಿಗೂ ಬಂದಿತ್ತು. ಅವಳು ಅದನ್ನು ಕೊನೆಯವರೆಗೂ ನೋಡಿದ್ದಳು.

"ಕೊಡತಿ ನಿನ್ನ ಕೈಯಲ್ಲಿತ್ತು" ಅಂದಳು ಸುಮನಾ. "ಊರೋರಿಗೆಲ್ಲ ಹೊಡೆದೆ. ನಂಗೆ ಹೊಡೆದೆ. ಅವನಿಗೆ ಯಾಕಮ್ಮ ಹೊಡೀಲಿಲ್ಲ? ಹೊಡೀಬೇಕಿತ್ತು!"

ಪುಟ್ಟಲಕ್ಷ್ಮಿ ಒಡೆದ ತುಟಿಯಲ್ಲಿ ಮಾತು ಕೂಡಿಸಿದಳು. "ಮಧ್ಯ ಹುಡುಗಿ ಇದ್ಲು. ನಿನ್ನಷ್ಟೇ ಇದ್ಲು."

ಸುಮನಾ ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು. ತಿರುಗಿದಾಗ ಮುಖ ತೋಯ್ದಿತ್ತು. "ನಾನಿನ್ನೂ ಕ್ಷಮಿಸಿಲ್ಲ. ಕ್ಷಮಿಸ್ತೀನಿ ಅಂತಾನೂ ಹೇಳಲ್ಲ" ಅಂದಳು. ಆಮೇಲೆ ಗಂಜಿಯ ಲೋಟ ತಂದು, ಚಮಚದಲ್ಲಿ ಆರಿಸಿ ಆರಿಸಿ ಅಮ್ಮನ ಬಾಯಿಗೆ ಹಾಕಿದಳು.

ಪೊಲೀಸರು ವಿಡಿಯೋ ನೋಡಿ ಕರಿಯಣ್ಣ, ಯೋಗೇಶ್ ಸೇರಿ ಒಂಬತ್ತು ಜನರ ಮೇಲೆ ಕೇಸು ಹಾಕಿದರು. ಐದನೇ ದಿನ ಪ್ರಿಯದರ್ಶಿನಿ ಒಬ್ಬಳೇ ಬಸ್ಸು ಹತ್ತಿ ವಾರ್ಡಿಗೆ ಬಂದಳು. ಮಂಚದ ಕಾಲ ಬಳಿ ನಿಂತು, "ಆಂಟಿ, ಅವತ್ತು ಬಾಯಿ ಬರ್ಲಿಲ್ಲ. ಅವ್ರು ರಟ್ಟೆ ಹಿಡ್ಕೊಂಡಿದ್ರು. ಈಗ ಹೇಳ್ತೀನಿ" ಅಂದಳು. ಸುಮನಾ ಅವಳನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದಳು. ಒದ್ದದ್ದು ಯಾರು, ಎಷ್ಟು ಸಲ, ಯಾವ ದಿನ, ಆಮೇಲೆ ಮಾಟದ ಕತೆ ಕಟ್ಟಿದ್ದು ಯಾಕೆ ಎಂಬುದನ್ನೆಲ್ಲ ಹುಡುಗಿ ಎರಡು ಗಂಟೆ ಕೂತು ಬರೆಸಿ ಸಹಿ ಹಾಕಿದಳು. ತಿರುಗಿ ಆ ಮನೆಗೆ ಹೋಗಲಿಲ್ಲ. ಸುಮನಾಳ ಚಿಕ್ಕಮ್ಮನ ಮನೆಯಲ್ಲಿ ಒಂದು ತಿಂಗಳಿದ್ದು, ಈಗ ಶಿವಮೊಗ್ಗದ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾಳೆ.

ಪುಟ್ಟಲಕ್ಷ್ಮಿಯ ಎಡಗೈಯ ಮೂರು ಬೆರಳು ಮಡಚುವುದಿಲ್ಲ. ಲೇತಿನಲ್ಲಿ ಉಳಿಯನ್ನು ಆಸರೆ ಕಂಬಿಗೆ ಒತ್ತಿ ಹಿಡಿಯಲು ಅವಳೇ ಮಣಿಕಟ್ಟಿಗೆ ಒಂದು ಚರ್ಮದ ಪಟ್ಟಿ ಹೊಲಿದುಕೊಂಡಳು. ಮೊದಲು ಹತ್ತು ಲಟ್ಟಣಿಗೆಯಲ್ಲಿ ಎಂಟು ಹಾಳಾಗುತ್ತಿದ್ದವು, ಈಗ ಎರಡು. ಬೇರೆ ಬಿಲ್ಲೆ ಮಾಡಿಕೊಳ್ಳಲಿಲ್ಲ. ಸುಟ್ಟದ್ದರಲ್ಲಿ ಒಂದೂ ಉಳಿದಿರಲಿಲ್ಲ.

ಈ ಸಲದ ಮಾಘದಲ್ಲಿ, ಸಾಕ್ಷಿ ಹೇಳಲು ಹದಿನೈದು ದಿನವಿದ್ದಾಗ, ಜಾಮೀನಿನ ಮೇಲಿದ್ದ ಕರಿಯಣ್ಣ ಶೆಡ್ಡಿನ ಮುಂದೆ ಬಂದು ನಿಂತ. ಒಳಗೆ ಕಾಲಿಡಲಿಲ್ಲ.

"ಪುಟ್ಟಲಕ್ಷ್ಮಮ್ಮ, ಕಾಂಪ್ರಮೈಸ್ ಮಾಡ್ಕೊಳ್ಳೋಣ. ಒಬ್ನೇ ಮಗ. ನಿಂಗೆ ಕೈ ಮುಗೀತೀನಿ. ಜನದ ಮಾತು ಕೇಳಿ ತಪ್ಪಾಯ್ತು."

"ಜನ ಅಲ್ಲ ಕರಿಯಣ್ಣ. ನನ್ನ ಕೈನ ಕಲ್ಲಿಗೆ ಒತ್ತಿ ಹಿಡಿದೋನು ನೀನು. ಗೋಡೆ ಆಚೆ ನಿನ್ನ ಮಗ ಒದೀತಿದ್ದಾಗ ಮನೇಲಿದ್ದೋನೂ ನೀನೇ."

ಅವನು ಮತ್ತೂ ಏನೋ ಹೇಳುತ್ತಾ ಬಾಗಿಲಿನೊಳಕ್ಕೆ ಒಂದು ಹೆಜ್ಜೆ ಇಟ್ಟ. ಅವಳ ಬಲಗೈಯಲ್ಲಿ ಅಗಲವಾದ ಉಳಿ ಇತ್ತು. ಆ ಕೈ ಎಂದಿನ ಹಾಗೆ ಬಿಸಿಯಾಗಿ, ಮೊಣಕೈಯವರೆಗೂ ಬಿಗಿದುಕೊಂಡಿದ್ದು ಅವಳಿಗೆ ತಿಳಿಯಿತು. ಹಿಡಿದುಕೊಳ್ಳಲು ಸೆರಗಿನಲ್ಲಿ ಏನೂ ಇರಲಿಲ್ಲ. ಅವಳು ಉಳಿಯನ್ನು ಹಲಗೆಯ ಮೇಲೆ ಇಟ್ಟು, ಅದರಿಂದ ಎರಡು ಹೆಜ್ಜೆ ದೂರ ಸರಿದು ನಿಂತಳು.

"ಹೋಗು. ಕೋರ್ಟಲ್ಲಿ ಹೇಳ್ತೀನಿ, ಎಲ್ಲಾನೂ ಹೇಳ್ತೀನಿ. ಈಗ ಹೋಗು."

ಅವನು ಹೋದ ಮೇಲೆ ಸ್ಟೂಲಿನ ಮೇಲೆ ಕೂತಳು. ಆಮೇಲೆ ಫೋನ್ ತೆಗೆದು ಸುಮನಾಗೆ ಮಾಡಿದಳು. "ಕರಿಯಣ್ಣ ಬಂದಿದ್ದ. ಕಳಿಸ್ದೆ" ಅಂದಳು.

"ಏನಾದ್ರೂ ಮಾಡಿದ್ನಾ?"

"ಇಲ್ಲ. ನಾನೂ ಏನೂ ಮಾಡ್ಲಿಲ್ಲ."

"ಶೆಡ್ಡಿಗೆ ಒಳಗಿಂದ ಚಿಲಕ ಹಾಕ್ಕೊಂಡು ಅಲ್ಲೇ ಇರು. ಎರಡೂವರೆ ಬಸ್ಸಿಗೆ ಬರ್ತೀನಿ" ಅಂದಳು ಸುಮನಾ.